ಐದನೆಯ ಹೆಸರು

ನಮ್ಮ ಗ್ರೀನವಿಗ್ ಶಾಲೆಗೆ ಎರಡು ಬಾಗಿಲು. ಎಡಗಡೆಯದು ಇಂಗ್ಲಿಷ್ ತರಗತಿಗಳಿಗೆ, ಬಲಗಡೆಯದು ನಮ್ಮ ದ್ವೀಪದ ಹಳೆಯ ಮಾತಾದ ಗೇಲಿಕ್‌ನ ತರಗತಿಗಳಿಗೆ. ತಲೆತಲಾಂತರದಿಂದ ಗೇಲಿಕ್ ಮಾತಾಡಿಕೊಂಡು ಬಂದ ಮನೆಗಳ ಮೊಮ್ಮಕ್ಕಳೆಲ್ಲ ಎಡಗಡೆಯ ಬಾಗಿಲಿನಿಂದ ಒಳಗೆ ಹೋಗುತ್ತಾರೆ. ಬಲಗಡೆಯ ಒಂದನೇ ತರಗತಿಗೆ ಬರುವ ಆಗಸ್ಟಿಗೆಂದು ಹೆಸರು ಕೊಟ್ಟವರು ನಾಲ್ವರು: ಯಾರ್ಕ್‌ಷೈರಿನಿಂದ ಬಂದು ಇಲ್ಲಿ ಮಡಕೆ ಮಾಡುವ ಹೋಲ್‌ರಾಯ್ಡನ ಅವಳಿ ಹೆಣ್ಣುಮಕ್ಕಳು, ಏಡಿ ಕಾರ್ಖಾನೆಯಲ್ಲಿ ದುಡಿಯುವ ಪೋಲೆಂಡಿನವಳ ಮಗ, ಮತ್ತು ನಮ್ಮ ಪಾದ್ರಿಯವರ ಕೊನೆಯ ಮಗಳು. ಪಾದ್ರಿಯವರು ಗ್ಲಾಸ್ಗೋದವರು. ಗೇಲಿಕ್ಕನ್ನು ಪುಸ್ತಕದಿಂದ ಕಲಿತವರು, ಪುಸ್ತಕದ ಹಾಗೆಯೇ ಮಾತಾಡುತ್ತಾರೆ.

ನಾಲ್ಕು ಸಾಲದು, ಐದು ಬೇಕು. ಐದು ಹೆಸರಿಲ್ಲದಿದ್ದರೆ ಈ ವರ್ಷ ಒಂದನೇ ತರಗತಿ ತೆರೆಯುವುದಿಲ್ಲ, ಬೇಕಾದವರು ಬಸ್ಸು ಹತ್ತಿ ಇಪ್ಪತ್ತೆರಡು ಮೈಲಿ ಹೋಗಿ ಕಲಿಯಲಿ ಎಂದು ಶಿಕ್ಷಣ ಇಲಾಖೆಯ ಕಚೇರಿಯಿಂದ ಕಾಗದ ಬಂದಿತ್ತು. ಕೊನೆಯ ಗಡುವು ಸೋಮವಾರ ಮಧ್ಯಾಹ್ನ ಹನ್ನೆರಡು ಗಂಟೆ. ಒಂದನೇ ತರಗತಿಯೇ ಇಲ್ಲದ ಶಾಲೆಯಲ್ಲಿ ಮರುವರ್ಷ ಎರಡನೆಯದೂ ಇರುವುದಿಲ್ಲ ಎನ್ನುವ ಲೆಕ್ಕ ಎಲ್ಲರಿಗೂ ಬರುತ್ತದೆ.

ಈ ವಿಷಯದಲ್ಲಿ ಊರಿನಲ್ಲಿ ಎಲ್ಲರಿಗಿಂತ ಜೋರಾಗಿ ಕೂಗಿದವಳು ನಾನು. ಹೆಸರು ಎಫಿ. ಮೂವತ್ತು ವರ್ಷ ಅಂಚೆ ಕಚೇರಿ ನೋಡಿಕೊಂಡವಳು, ಆರು ವರ್ಷದಿಂದ ಗೇಲಿಕ್ ಉಳಿಸುವ ಸಮಿತಿಯ ಅಧ್ಯಕ್ಷೆ. 'ಹೆತ್ತ ತಾಯಿಯ ಮಾತನ್ನು ಮನೆಯಿಂದ ಹೊರಗೆ ಹಾಕುವವರಿಗೆ ಮನೆಯೇ ಇರುವುದಿಲ್ಲ' ಎಂಬ ನನ್ನ ಭಾಷಣ ಒಮ್ಮೆ ರೇಡಿಯೋದಲ್ಲೂ ಬಂದಿತ್ತು.

ಸಮಿತಿ ಗುರುವಾರ ಸಂಜೆ ಸೇರಿತು. ನಾವು ಆರು ಜನ. ಐವರಿಗೆ ಗೇಲಿಕ್ ತೊಟ್ಟಿಲಿನಿಂದ ಬಂದದ್ದು. ಆರನೆಯವನು ಕಾರ್ಯದರ್ಶಿ ಹೋಲ್‌ರಾಯ್ಡ್. ಹೊರಗಿನವರೊಬ್ಬರು ಕೋಣೆಯಲ್ಲಿದ್ದರೆ ಅವರೆದುರು ಗೇಲಿಕ್ ಆಡುವುದು ಮರ್ಯಾದೆಯಲ್ಲ. ಇದು ನಮ್ಮಲ್ಲಿ ಹಾಲಿನ ಜೊತೆ ಕುಡಿಸಿದ ಪಾಠ. ಹಾಗಾಗಿ ಗೇಲಿಕ್ ಉಳಿಸುವ ಸಮಿತಿಯ ಸಭೆ ಆರು ವರ್ಷದಿಂದ ಇಂಗ್ಲಿಷಿನಲ್ಲಿ ನಡೆಯುತ್ತಿದೆ. ಪಾಪ, ಹೋಲ್‌ರಾಯ್ಡ್ ನಾಲ್ಕು ಚಳಿಗಾಲ ಕೂತು ಗೇಲಿಕ್ ಕಲಿತಿದ್ದಾನೆ. ನಾವು ಇಂಗ್ಲಿಷಿನಲ್ಲಿ ಆಡಿದ್ದನ್ನೆಲ್ಲ ಗೇಲಿಕ್ಕಿಗೆ ತಿರುಗಿಸಿ ನಡಾವಳಿ ಬರೆಯುವವನು ಅವನೇ. ಬಾಯಿಬಿಟ್ಟು ಗೇಲಿಕ್ ಆಡಿದರೆ ನಾವು ಹುಬ್ಬೇರಿಸಿ 'ಭಲೇ, ಭಲೇ' ಎಂದು ಇಂಗ್ಲಿಷಿನಲ್ಲಿ ಮೆಚ್ಚುತ್ತೇವೆ. ಅಲ್ಲಿಗೆ ಅವನ ಗೇಲಿಕ್ ಮುಗಿಯುತ್ತದೆ.

"ನಾಲ್ಕಾಯ್ತು," ಎಂದ ಹೋಲ್‌ರಾಯ್ಡ್, ಪೆನ್ನಿನ ತುದಿ ಕಚ್ಚುತ್ತ. "ಐದನೇದು ಯಾರು?"

ಕಣ್ಣುಗಳೆಲ್ಲ ನನ್ನ ಕಡೆ ತಿರುಗಿದವು. ಡೋಲೀನಾ ನನ್ನ ಜೊತೆ ಓದಿದವಳು, ಬಾಯಿಗೆ ಬಾಗಿಲಿಲ್ಲ. ಅವಳು ಹೆಣಿಗೆಯಿಂದ ತಲೆಯೆತ್ತದೆ ಹೇಳಿದಳು:

"ನಿನ್ ಮನೇಲೇ ಒಂದು ಇದ್ಯಲ್ಲೇ ಎಫಿ. ಫರ್ಕರನ ಮಗ. ಆಗಸ್ಟಿಗೆ ಐದು ತುಂಬುತ್ತೆ."

"ಅವ್ನ ಅಪ್ಪ-ಅಮ್ಮ ಇದಾರೆ, ಅವ್ರು ಯೋಚ್ನೆ ಮಾಡ್ತಾರೆ," ಎಂದೆ.

"ಊರಿನ ಅಪ್ಪ-ಅಮ್ಮಂದ್ರಿಗೆ ನೀನು ಯೋಚ್ನೆ ಮಾಡೋಕೆ ಬಿಡಲ್ವಲ್ಲ ಮಾರಾಯ್ತಿ. ಕುತ್ತಿಗೆ ಮೇಲೆ ಕೂರ್ತೀಯಾ."

ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತು ಅಂತಾರಲ್ಲ, ಹಾಗಾಯಿತು ನನ್ನ ಪಾಡು. ಸೋಮವಾರದೊಳಗೆ ಮಗನನ್ನು ಒಪ್ಪಿಸುತ್ತೇನೆ ಎಂದು ಹೇಳಿ ಎದ್ದೆ. ಹೋಲ್‌ರಾಯ್ಡ್ ಅದನ್ನೂ ಗೇಲಿಕ್‌ನಲ್ಲಿ ಬರೆದುಕೊಂಡ.

ಫರ್ಕರ್ ನಮ್ಮ ಒಬ್ಬನೇ ಮಗ. ಸಾಲ್ಮನ್ ಮೀನು ಸಾಕಣೆಯ ದೋಣಿ ನಡೆಸುತ್ತಾನೆ, ವಯಸ್ಸು ಮೂವತ್ತೆಂಟು. ನಮ್ಮ ಜಮೀನಿನ ಇನ್ನೊಂದು ತುದಿಯಲ್ಲೇ ಅವನ ಮನೆ. ಹೆಂಡತಿ ಲಿಂಡ್ಸೆ ಡಂಡೀ ಕಡೆಯವಳು, ಗೇಲಿಕ್ ಬಾರದವಳು, ಡಾಕ್ಟರ ಬಳಿ ಕೆಲಸ. ಇಬ್ಬರೂ ದುಡಿಯುವುದರಿಂದ ಮಗು ಟಾರ್ಮೋಡ್‌ನನ್ನು ಎರಡು ವರ್ಷದಿಂದ ಊರಿನ ಶಿಶುವಿಹಾರಕ್ಕೆ ಬಿಡುತ್ತಾರೆ. ಅದು ಗೇಲಿಕ್ ಶಿಶುವಿಹಾರ. ಅವರು ಗೇಲಿಕ್ ಎಂದು ಬಿಟ್ಟದ್ದಲ್ಲ, ಊರಿನಲ್ಲಿರುವುದು ಅದೊಂದೇ. ಅಲ್ಲಿ ನಾಲ್ಕು ಹಾಡು, ಹತ್ತು ಬಣ್ಣ, ಇಪ್ಪತ್ತರವರೆಗೆ ಎಣಿಕೆ ಹೇಳಿಕೊಡುತ್ತಾರೆ ಎಂದು ನಾನು ತಿಳಿದಿದ್ದೆ. ನಾನು ಅವನ ಜೊತೆ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದೆ.

ನಮ್ಮಲ್ಲಿ ಹಾಗೆಯೇ. ದನವನ್ನು ಗೇಲಿಕ್‌ನಲ್ಲಿ ಕರೆಯುತ್ತೇವೆ, ದೇವರನ್ನೂ ಗೇಲಿಕ್‌ನಲ್ಲೇ ಕರೆಯುತ್ತೇವೆ. ನಾಯಿಗೂ ಮಕ್ಕಳಿಗೂ ಮಾತ್ರ ಇಂಗ್ಲಿಷ್. ನಾನು ಐದು ವರ್ಷದವಳಾಗಿ ಶಾಲೆಗೆ ಹೋದಾಗ ನನಗೆ ಇಂಗ್ಲಿಷಿನ ಒಂದು ಪದವೂ ಬರುತ್ತಿರಲಿಲ್ಲ. ಹೊರಗೆ ಹೋಗಬೇಕೆಂದು ಕೇಳಲು ತಿಳಿಯದೆ ಬೆಂಚಿನ ಮೇಲೆ ಲಂಗ ಒದ್ದೆ ಮಾಡಿಕೊಂಡೆ. ನನ್ನ ಮಗುವಿಗೆ ಈ ಗತಿ ಬರಬಾರದು ಎಂದು ಅವತ್ತೇ ನಿರ್ಧರಿಸಿದೆನೋ ಏನೋ. ಫರ್ಕರ್ ಹುಟ್ಟಿದ ದಿನದಿಂದ ಅವನ ಜೊತೆ ಒಂದೇ ಒಂದು ಗೇಲಿಕ್ ಮಾತು ಆಡಲಿಲ್ಲ. ನನಗೂ ನನ್ನ ಗಂಡ ಫಿನ್ಲೇಗೂ ಮಾತ್ರ ಅದು ಉಳಿಯಿತು. ಮಗನ ಎದುರಲ್ಲೇ ಕೂತು ಮಗನಿಗೆ ತಿಳಿಯಬಾರದ್ದನ್ನು ಮಾತಾಡಲು ಅದಕ್ಕಿಂತ ಅನುಕೂಲ ಬೇರೆ ಇರಲಿಲ್ಲ.

ಶನಿವಾರ ಬೆಳಿಗ್ಗೆ ಅರ್ಜಿ ಹಿಡಿದುಕೊಂಡು ಅವನ ಕೊಟ್ಟಿಗೆಗೆ ಹೋದೆ. ಬಲೆ ರಿಪೇರಿ ಮಾಡುತ್ತಿದ್ದ. ಹೊರಗೆ ಗಾಳಿ ತಗಡು ಕಿತ್ತು ಹೋಗುವ ಹಾಗೆ ಬೀಸುತ್ತಿತ್ತು. ನಾನು ಸಮಿತಿಯ ಭಾಷಣವನ್ನೇ ಚಿಕ್ಕದು ಮಾಡಿ ಹೇಳಿದೆ. ಅವನು ಪೂರ್ತಿ ಕೇಳಿದ, ಗಂಟು ಹಾಕುವುದನ್ನು ನಿಲ್ಲಿಸಲಿಲ್ಲ.

"ಬೇಡಮ್ಮ," ಎಂದ.

"ಎರಡು ಭಾಷೆ ಬಂದ್ರೆ ಮಕ್ಕಳ ಮಿದುಳು ಚುರುಕಾಗುತ್ತಂತೆ ಕಣೋ. ವಿಜ್ಞಾನಿಗಳು ಹೇಳಿದಾರೆ."

"ಹೌದಾ? ಹಾಗಾದ್ರೆ ನನ್ ಮಿದುಳಿನ ಮೇಲೆ ನಿಂಗೇನು ಕೋಪ ಇತ್ತು?"

ಅವನು ಸೂಜಿ ಕೆಳಗಿಟ್ಟ.

"ನಿಂಗೆ ಗೊತ್ತಾ, ಚಿಕ್ಕವನಿದ್ದಾಗ ಊಟಕ್ಕೆ ಕೂತ್ರೆ ನಾನು ತಟ್ಟೆ ನೋಡ್ಕೊಂಡೇ ಇರ್ತಿದ್ದೆ. ನೀವಿಬ್ರೂ ಮಾತಾಡ್ತಿದ್ರಿ. ಮಧ್ಯೆ ಮಧ್ಯೆ ನನ್ನ ಹೆಸರು ಬರ್ತಿತ್ತು. ಅದೊಂದೇ ನಂಗೆ ಅರ್ಥ ಆಗ್ತಿದ್ದಿದ್ದು. ಇವತ್ತೇನು ತಪ್ಪು ಮಾಡಿದೆ ಅಂತ ಕೂತು ಲೆಕ್ಕ ಹಾಕ್ತಿದ್ದೆ. ಈಗ್ಲೂ ಭಾನುವಾರ ಬಂದ್ರೆ ಹಾಗೇ. ಅಪ್ಪ ಏನೋ ಅಂತಾರೆ, ನೀನು ನನ್ ಕಡೆ ನೋಡಿ ಏನೋ ಅಂತೀಯಾ."

"ಅಯ್ಯೋ, ಅದು ಸುಮ್ನೆ..."

"ಸುಮ್ನೆನೋ ಏನೋ. ಆ ಕಡೆಯಿಂದ ನೀವು ಬಾಗಿಲು ಹಾಕ್ಕೊಂಡ್ರಿ. ಈಗ ಈ ಕಡೆಯಿಂದ ನನ್ ಮಗನೂ ಹಾಕ್ಕೋಬೇಕಾ? ನನ್ ಮನೇಲಿ, ನನ್ ಮುಂದೆ, ನಂಗೆ ತಿಳೀದೆ ಇರೋ ಭಾಷೇಲಿ? ಬೇಡ. ಎಡಗಡೆ ಬಾಗಿಲಿಗೇ ಹೋಗ್ಲಿ. ನಾನೂ ಅಲ್ಲೇ ಹೋಗಿದ್ದು."

ನನಗೆ ಸಿಟ್ಟು ಬಂತು. ಸತ್ಯ ಕೇಳಿದಾಗ ನನಗೆ ಮೊದಲು ಬರುವುದು ಸಿಟ್ಟೇ. ಅರ್ಜಿಯನ್ನು ಬಲೆಯ ಮೇಲಿಟ್ಟು, "ನಿನ್ನಿಷ್ಟ, ಊರಿನ ಶಾಲೆ ಮುಚ್ಚಿಸಿದವನು ಅಂತ ಹೆಸರು ತಗೋ," ಎಂದು ಹೇಳಿ ಹೊರಗೆ ಬಂದೆ. ಮನೆಯವರೆಗೂ ಗಾಳಿಗೆ ಬೈಯುತ್ತ ನಡೆದೆ.

ಮರುದಿನ ಭಾನುವಾರ, ದೇವರ ದಿನ, ಯಾರೂ ಕೆಲಸ ಮುಟ್ಟುವುದಿಲ್ಲ. ಭಾನುವಾರ ನಮ್ಮ ಊರಿನ ಹಗ್ಗಗಳ ಮೇಲೆ ಒಂದು ಕಾಲುಚೀಲವೂ ಒಣಗುವುದಿಲ್ಲ. ಆಲೂಗಡ್ಡೆಯನ್ನೂ ಶನಿವಾರವೇ ಸುಲಿದಿಡುತ್ತೇವೆ. ವ್ಯವಹಾರದ ಮಾತು ಆಡುವಂತಿಲ್ಲ, ಅರ್ಜಿ ಗಿರ್ಜಿ ಎತ್ತುವಂತಿಲ್ಲ. ಚರ್ಚು ಮುಗಿಸಿ ಎಂದಿನಂತೆ ಫರ್ಕರ್, ಲಿಂಡ್ಸೆ, ಮಗು ಊಟಕ್ಕೆ ಬಂದರು. ಕುರಿಮಾಂಸದ ಸಾರು, ಆಲೂಗಡ್ಡೆ, ಟರ್ನಿಪ್. ಜೊತೆಗೆ ಲಿಂಡ್ಸೆ ಪ್ರತಿ ವಾರ ತರುವ ಅವಳ ಬೀಟ್‌ರೂಟ್-ಬೇಳೆಯ ಬೇಯಿಸಿದ ಗಟ್ಟಿ. ಅದಕ್ಕೆ ಇಂಗ್ಲಿಷಿನಲ್ಲಿ ಏನೋ ಹೆಸರಿದೆ. ಗೇಲಿಕ್‌ನಲ್ಲಿ ಅದಕ್ಕೆ ಫಿನ್ಲೇ ಇಟ್ಟ ಹೆಸರನ್ನು ಇಲ್ಲಿ ಬರೆಯಲಾರೆ.

ಫರ್ಕರ್ ನನ್ನ ಮುಖ ನೋಡಲಿಲ್ಲ. ಸಾರು ಕುಡಿದೆವು. ಲಿಂಡ್ಸೆ ಅವಳ ಗಟ್ಟಿಯನ್ನು ಫಿನ್ಲೇಯ ತಟ್ಟೆಗೆ ಧಾರಾಳವಾಗಿ ಬಡಿಸಿದಳು. ಅವನು ಅವಳಿಗೆ ನಕ್ಕು ಇಂಗ್ಲಿಷಿನಲ್ಲಿ "ಬಹಳ ಚೆನ್ನಾಗಿದೆ ಮಗಳೇ," ಎಂದು, ನನ್ನ ಕಡೆ ತಿರುಗಿ ಅದೇ ನಗುಮುಖದಲ್ಲಿ ಗೇಲಿಕ್‌ನಲ್ಲಿ ಹೇಳಿದ:

"ಇದ್ನ ಕುರಿಮರಿ ಮುಂದಿಟ್ರೆ ಅದೂ ಮೂಸಿ ನೋಡಿ ಹಿಂದಕ್ ಹೋಯ್ತದೆ ಕಣೇ."

ಟಾರ್ಮೋಡ್ ಫಕ್ಕನೆ ನಕ್ಕ. ಬಾಯಲ್ಲಿದ್ದ ಆಲೂಗಡ್ಡೆ ಮೇಜಿನ ಮೇಲೆ ಬಿತ್ತು.

"ಯಾಕೋ ನಗ್ತೀಯಾ?" ಎಂದಳು ಲಿಂಡ್ಸೆ.

"ಕುರಿಮರಿ ತಿನ್ನಲ್ವಂತೆ," ಎಂದ ಅವನು.

"ಏನನ್ನ ತಿನ್ನಲ್ಲ?"

"ನೀನು ಮಾಡಿರೋದನ್ನ. ಮೂಸಿ ನೋಡಿ ಹಿಂದಕ್ಕೆ ಹೋಗುತ್ತಂತೆ. ತಾತ ಈಗ ಹೇಳಿದ್ರಲ್ಲ!"

ಫಿನ್ಲೇ ಚರ್ಚಿನ ಹಿರಿಯರ ಮಂಡಳಿಯವನು. ಸುಳ್ಳು ಹೇಳುವಂತಿಲ್ಲ, ಅದೂ ಭಾನುವಾರ. ಅವನ ಕಿವಿಯ ತುದಿಗಳು ಬೀಟ್‌ರೂಟಿಗಿಂತ ಕೆಂಪಾದವು. ಲಿಂಡ್ಸೆ ಚಮಚ ಕೆಳಗಿಟ್ಟು ಅವನನ್ನೇ ನೋಡಿದಳು.

"ನಾಲ್ಕು ವರ್ಷದಿಂದ ಎರಡೆರಡು ಸಲ ಹಾಕಿಸ್ಕೊಂಡು ತಿಂತಾ ಇದೀರಲ್ಲ ಮಾವ," ಎಂದಳು.

"ಮರ್ಯಾದೆಗೆ ಕಣಮ್ಮ," ಎಂದ ಫಿನ್ಲೇ ಸಣ್ಣ ದನಿಯಲ್ಲಿ.

ಅವಳು ಸಿಟ್ಟಾಗಬಹುದಿತ್ತು. ಹುಡುಗಿಯ ಮನಸ್ಸು ದೊಡ್ಡದು, ನಕ್ಕುಬಿಟ್ಟಳು. ಆದರೆ ಫರ್ಕರ್ ನಗಲಿಲ್ಲ. ಅವನು ಮಗನ ಕಡೆ ಪೂರ್ತಿ ತಿರುಗಿ ಕೂತಿದ್ದ.

"ತಾತ-ಅಜ್ಜಿ ಮಾತಾಡೋದು ನಿಂಗೆ ಅರ್ಥ ಆಗುತ್ತಾ ಪುಟ್ಟ?"

"ಹೂಂ."

"ಎಲ್ಲಾನೂ?"

"ದೇವರ ಮಾತು ಅರ್ಥ ಆಗಲ್ಲ. ಉಳಿದಿದ್ದೆಲ್ಲ ಆಗುತ್ತೆ."

"ಯಾವಾಗಿಂದ?"

"ಯಾವಾಗ್ಲೂ," ಎಂದ ಟಾರ್ಮೋಡ್. ನಾಲ್ಕೂವರೆ ವರ್ಷದವನ ಯಾವಾಗಲೂ ಎಂದರೆ ಎಷ್ಟು ಭಾನುವಾರಗಳೋ! ನಾನು ಮನಸ್ಸಿನಲ್ಲೇ ಹಿಂದಕ್ಕೆ ಹೋಗಿ ಏನೇನು ಆಡಿದ್ದೆವು ಎಂದು ತಡಕಾಡತೊಡಗಿದೆ.

"ಹಾಗಾದ್ರೆ ಹೇಳು," ಎಂದ ಫರ್ಕರ್. "ನನ್ ಬಗ್ಗೆ ಏನ್ ಹೇಳ್ತಾರೆ?"

"ಊಟ ಆರ್ತಾ ಇದೆ," ಎಂದೆ ನಾನು.

"ಮೂವತ್ತೆಂಟು ವರ್ಷದಿಂದ ಆರ್ತಾ ಇದೆ ಅಮ್ಮ. ಇನ್ನೈದು ನಿಮಿಷ ಆರ್ಲಿ."

ಟಾರ್ಮೋಡ್‌ಗೆ ಖುಷಿಯಾಯಿತು. ದೊಡ್ಡವರೆಲ್ಲ ಅವನ ಬಾಯನ್ನೇ ನೋಡುತ್ತಿರುವುದು ಅದೇ ಮೊದಲು. ಬೆರಳು ಮಡಚಿಕೊಂಡು ಶುರು ಮಾಡಿದ.

"ಅಜ್ಜಿ ಹೇಳ್ತಾಳೆ, ನಿನ್ ಕೈ ನೋಡೋಕಾಗಲ್ವಂತೆ. ಉಪ್ಪುನೀರಿಗೆ ಒಡೆದು ರಕ್ತ ಬಂದಿರುತ್ತಂತೆ. ಆಮೇಲೆ... ಗಾಳಿ ಜೋರಾದ್ರೆ ನಿನ್ ದೋಣಿ ಬರೋವರೆಗೂ ಅಜ್ಜಿ ಕಿಟಕೀಲೇ ನಿಂತಿರ್ತಾಳಂತೆ, ತಾತ ಬೈತಾರಂತೆ. ಆಮೇಲೆ ತಾತ ಹೇಳ್ತಾರೆ, ಈ ದ್ವೀಪದಲ್ಲಿ ನಿನ್ ಹಾಗೆ ದೋಣಿ ನಡೆಸೋರು ಯಾರೂ ಇಲ್ವಂತೆ. ತಾತನ ಅಪ್ಪನೂ ನಡೆಸ್ತಿರ್ಲಿಲ್ವಂತೆ. ಅದಕ್ಕೆ ಅಜ್ಜಿ, 'ಶ್, ಅವನ ಮುಂದೆ ಹೊಗಳ್ಬೇಡ, ತಲೆ ತಿರುಗುತ್ತೆ' ಅಂತಾಳೆ. ಅದಕ್ಕೆ ತಾತ, 'ಅವನಿಗೆಲ್ಲಿ ಅರ್ಥ ಆಗುತ್ತೆ' ಅಂತಾರೆ."

ಅಷ್ಟು ಹೇಳಿ ಅವನು ಆಲೂಗಡ್ಡೆಗೆ ಕೈ ಹಾಕಿದ.

ನಮ್ಮಲ್ಲಿ ಮಕ್ಕಳನ್ನು ಮುಖದ ಮುಂದೆ ಹೊಗಳುವ ಪದ್ಧತಿಯಿಲ್ಲ. ಹೊಗಳಿದರೆ ಜಂಬ ಬರುತ್ತದೆ, ಜಂಬ ಬಂದವನನ್ನು ಸಮುದ್ರ ಬಿಡುವುದಿಲ್ಲ ಎನ್ನುತ್ತಿದ್ದರು ನನ್ನ ಅತ್ತೆ. ಹಾಗಾಗಿ ಬೈಗುಳವೆಲ್ಲ ಅವನಿಗೆ ತಿಳಿಯುವ ಭಾಷೆಯಲ್ಲಿ ಬೈದೆ. ಹೊಟ್ಟೆಯೊಳಗಿನ ಅಕ್ಕರೆಯನ್ನೆಲ್ಲ ಅವನಿಗೆ ತಿಳಿಯದ ಭಾಷೆಯಲ್ಲಿ, ಅವನ ಎದುರಿಗೇ, ಅವನಿಗಲ್ಲ, ನನ್ನ ಗಂಡನಿಗೆ ಹೇಳಿಕೊಂಡೆ. ಎಂಥ ಜಾಣತನ! ನನಗೆ ನಾಚಿಕೆಯಾಯಿತು. ಅಳುವೂ ಬಂತು, ಆದರೆ ಅಳಲಿಲ್ಲ. ಸಾರಿನ ಪಾತ್ರೆ ಎತ್ತಿಕೊಂಡು ಒಳಗೆ ಹೋಗಿ, ಬಿಸಿಯಾಗಿಯೇ ಇದ್ದ ಸಾರನ್ನು ಮತ್ತೆ ಬಿಸಿಗಿಟ್ಟೆ.

ತಿರುಗಿ ಬಂದಾಗ ಫರ್ಕರ್ ಕೋಟು ಹಾಕಿಕೊಳ್ಳುತ್ತಿದ್ದ. ಕುರಿ ನೋಡಿ ಬರುತ್ತೇನೆ ಎಂದು ಹೊರಗೆ ಹೋದ. ಭಾನುವಾರ ಕುರಿ ನೋಡಬಹುದು, ಅದಕ್ಕೆ ಅಡ್ಡಿಯಿಲ್ಲ. ಕತ್ತಲಾಗುವವರೆಗೂ ನೋಡುವಷ್ಟು ಕುರಿ ನಮ್ಮಲ್ಲಿಲ್ಲ.

ಸೋಮವಾರ ಹನ್ನೊಂದು ಗಂಟೆಗೇ ಶಾಲೆಗೆ ಹೋಗಿ ಕೂತೆ. ಗೇಲಿಕ್ ತರಗತಿಯ ಟೀಚರ್ ಕೇಟಿ-ಆನ್ ಎರಡು ಸಲ ಟೀ ತಂದುಕೊಟ್ಟಳು. ಹೋಲ್‌ರಾಯ್ಡ್ ಮಣ್ಣು ಮೆತ್ತಿದ ಕೈಯಲ್ಲೇ ಬಂದು ಗೋಡೆಗೆ ಒರಗಿ ನಿಂತಿದ್ದ. ಅವನ ಹೆಣ್ಣುಮಕ್ಕಳು ಬಸ್ಸು ಹತ್ತಿದರೆ ಬೆಳಿಗ್ಗೆ ಆರೂವರೆಗೆ ಏಳಬೇಕು. ಅವನು ಗಡಿಯಾರ ನೋಡುತ್ತಿದ್ದ. ನಾನು ಕಿಟಕಿಯಿಂದ ರಸ್ತೆ ನೋಡುತ್ತಿದ್ದೆ. ಫರ್ಕರನಿಗೆ ಆ ಬೆಳಿಗ್ಗೆ ದೋಣಿ ಕೆಲಸವಿತ್ತು. ಬರುವುದಿಲ್ಲ ಎಂದೇ ನನ್ನ ಲೆಕ್ಕ. ಬರದಿದ್ದರೆ ತಪ್ಪು ಯಾರದು ಎಂಬುದೂ ನನಗೆ ಗೊತ್ತಿತ್ತು. ಅದು ರೇಡಿಯೋದವರಿಗೆ ಹೇಳಲಿಕ್ಕೆ ಆಗುವಂಥದ್ದಲ್ಲ.

ಹನ್ನೆರಡಕ್ಕೆ ಹತ್ತು ನಿಮಿಷ ಇರುವಾಗ ಅವನು ಬಂದ. ಎಣ್ಣೆಬಟ್ಟೆಯ ಕೋಟು, ರಬ್ಬರ್ ಬೂಟು, ಮೈಯೆಲ್ಲ ಮೀನಿನ ವಾಸನೆ. ಒಂದು ಕೈಯಲ್ಲಿ ಟಾರ್ಮೋಡ್, ಇನ್ನೊಂದರಲ್ಲಿ ಒದ್ದೆಯಾದ ಅರ್ಜಿ. ನನ್ನ ಕಡೆ ತಲೆಯಾಡಿಸಿ, ನೇರ ಕೇಟಿ-ಆನ್ ಮೇಜಿನ ಹತ್ತಿರ ಹೋಗಿ ಬಗ್ಗಿ ತುಂಬತೊಡಗಿದ.

"ದೊಡ್ಡ ಮನಸ್ಸು ಮಾಡಿದ್ರಿ," ಎಂದಳು ಕೇಟಿ-ಆನ್.

"ಮನಸ್ಸು ಗಿನಸ್ಸು ಏನಿಲ್ಲ ಮಿಸ್. ಭಾನುವಾರಕ್ಕೆ ನಂಗೊಬ್ಬ ದುಭಾಷಿ ಬೇಕು, ಅಷ್ಟೇ."

ಹೋಲ್‌ರಾಯ್ಡ್ ಜೋರಾಗಿ ನಕ್ಕ. ನನಗೆ ಹೊಟ್ಟೆಗೆ ಹಾಲು ಹೊಯ್ದ ಹಾಗಾಯಿತು. ತರಗತಿ ಉಳಿಯಿತು, ಅವಳಿ ಹುಡುಗಿಯರು ಇನ್ನೊಂದು ತಾಸು ಮಲಗಬಹುದು, ಡೋಲೀನಾಗೆ ಮುಖ ತೋರಿಸಬಹುದು. ಅಧ್ಯಕ್ಷೆಯ ಬೆನ್ನು ತಾನಾಗಿ ನೆಟ್ಟಗಾಯಿತು.

ಆಗ ಫರ್ಕರನ ಪೆನ್ನು ನಿಂತಿತು.

"ಇಲ್ಲೊಂದು ಕಾಲಮ್ ಇದೆ," ಎಂದ. "'ಮನೆಯಲ್ಲಿ ಮಗುವಿನ ಜೊತೆ ಗೇಲಿಕ್ ಮಾತಾಡುವವರು ಯಾರು?' ಏನಮ್ಮ ಬರೀಲಿ?"

ಕುಹಕವಾಗಿ ಕೇಳಿದ್ದರೆ ನಾನು ತಿರುಗಿಸಿ ಕೊಡುತ್ತಿದ್ದೆ. ಅವನು ನಿಜವಾಗಿ ಕೇಳಿದ್ದ. ಆರು ವರ್ಷದ ಭಾಷಣಗಳಲ್ಲಿ ಒಂದಾದರೂ ಆ ಹೊತ್ತಿಗೆ ನೆರವಿಗೆ ಬರಲಿಲ್ಲ. ಅಷ್ಟರಲ್ಲಿ ಟಾರ್ಮೋಡ್ ನನ್ನ ಕೋಟು ಜಗ್ಗಿದ. ಶಾಲೆಯೊಳಗೆ ಬಂದಿದ್ದಕ್ಕೋ ಏನೋ, ಗೇಲಿಕ್‌ನಲ್ಲಿ ಕೇಳಿದ, ಮುತ್ತಿನಂಥ ಗೇಲಿಕ್‌ನಲ್ಲಿ:

"ಅಪ್ಪ ಏನ್ ಬರೀತಾವ್ನೆ ಅಜ್ಜಿ?"

"ನಿನ್ನ ಹೆಸರು, ಬಂಗಾರ," ಎಂದೆ.

ಹೇಳಿದ ಮೇಲೆ ಗೊತ್ತಾಯಿತು, ಹೇಳಿದ್ದು ಇಂಗ್ಲಿಷಿನಲ್ಲಿ. ಯಾರೂ ತಳ್ಳಲಿಲ್ಲ, ಯಾರೂ ಬೆದರಿಸಲಿಲ್ಲ, ತಾನಾಗಿ ಜಾರಿ ಬಂತು. ಕೇಟಿ-ಆನ್ ಕಾಗದಗಳನ್ನು ಜೋಡಿಸಿದಳು. ಹೋಲ್‌ರಾಯ್ಡ್ ಮರ್ಯಾದಸ್ಥ, ತನ್ನ ಬೂಟು ನೋಡಿಕೊಂಡ.

"ಖಾಲಿ ಬಿಡ್ತೀನಿ," ಎಂದ ಫರ್ಕರ್ ಮೆಲ್ಲಗೆ, ಮತ್ತು ಕೆಳಗೆ ಸಹಿ ಹಾಕಿದ.

ಅವನು ಬೈದಿದ್ದರೆ ಚೆನ್ನಾಗಿತ್ತು. ನನಗೆ ಆ ಖಾಲಿ ಜಾಗವನ್ನು ನೋಡಲಾಗಲಿಲ್ಲ. ಮಂಡಿ ನೋವನ್ನು ಲೆಕ್ಕಿಸದೆ ಅಲ್ಲೇ ನೆಲಕ್ಕೆ ಕುಕ್ಕರಿಸಿದೆ. ಹುಡುಗನ ಎರಡೂ ಕೈ ಹಿಡಿದುಕೊಂಡು, ಹೊರಗಿನವನೊಬ್ಬ ಪಕ್ಕದಲ್ಲೇ ನಿಂತಿದ್ದರೂ, ಜೀವನದಲ್ಲಿ ಮೊದಲ ಸಲ ಒಂದು ಮಗುವಿಗೆ ನನ್ನ ಭಾಷೆಯಲ್ಲಿ ಹೇಳಿದೆ:

"ನಿನ್ ಹೆಸರು ಬರೀತಾವ್ನೆ ಕಣೋ ನನ್ ಬಂಗಾರ. ನಿಮ್ಮಪ್ಪನಂಥ ಮಗ ಇನ್ಯಾರಿಗವ್ನೆ ಹೇಳು."

ಟಾರ್ಮೋಡ್‌ನ ಮುಖ ಗಂಭೀರವಾಯಿತು. ಅವನು ಕೇಟಿ-ಆನ್ ಕಡೆ ನೋಡಿದ, ಹೋಲ್‌ರಾಯ್ಡ್ ಕಡೆ ನೋಡಿದ, ಅಪ್ಪನ ಬೆನ್ನಿನ ಕಡೆ ನೋಡಿದ. ಆಮೇಲೆ ನನ್ನ ಕಿವಿಗೆ ಬಾಯಿಟ್ಟು, ಗೇಲಿಕ್‌ನಲ್ಲೇ, ಪಿಸುದನಿಯಲ್ಲಿ ಕೇಳಿದ:

"ಇದು ಯಾರಿಗ್ ಗೊತ್ತಾಗ್ಬಾರ್ದು ಅಜ್ಜಿ?"